ಶ್ವಾಸಕೋಶದ ನೀರುಗಂಟಿಗಳು



ದಮ್ಮು, ಗೂರಲು, ವರ್ಷಗಟ್ಟಲೆ ಬಿಡದ ಕೆಮ್ಮು, ಇವುಗಳ ಮಾತು ಬಂದಾಗ ನಾವು ಬೀಡಿ, ಸಿಗರೇಟು, ಧೂಳು, ಒಲೆಯ ಹೊಗೆ ಇವುಗಳ ಹೆಸರು ಹೇಳುತ್ತೇವೆ. ಹೇಳಲೇಬೇಕು. ಆದರೆ ಹೊಗೆ ಎದೆಯೊಳಗೆ ಹೋದ ಮೇಲೆ ಅಲ್ಲಿ ನಡೆಯುವುದೇನು? ಬೀಡಿ ಬಿಟ್ಟು ಹತ್ತು ವರ್ಷವಾದವರಿಗೂ ದಮ್ಮು ಏಕೆ ಬಿಡುವುದಿಲ್ಲ? ಒಂದೇ ಸೂರಿನಡಿ ಒಂದೇ ಹೊಗೆ ಕುಡಿದ ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದು, ಇನ್ನೊಬ್ಬರು ಗಟ್ಟಿಯಾಗಿ ಓಡಾಡಿಕೊಂಡಿರುವುದು ಹೇಗೆ? ಇಂಥ ಪ್ರಶ್ನೆಗಳ ಜಾಡು ಹಿಡಿದು ಹೊರಟವರು ಕಳೆದ ಎರಡು ದಶಕಗಳಲ್ಲಿ ನಮ್ಮ ಜೀವಕೋಶದೊಳಗಿನ ಒಂದು ಬಹಳ ಸಣ್ಣ ಅಣುವಿನ ಎದುರು ಬಂದು ನಿಂತಿದ್ದಾರೆ. ಅದರ ಹೆಸರು ಮೈಕ್ರೋ ಆರ್‌ಎನ್‌ಎ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಲ್ಲಿ ಈ ಅಣುವಿನ ಪಾತ್ರವೇನು, ಅದನ್ನು ತಿಳಿದುಕೊಂಡರೆ ನಮಗೇನು ಉಪಯೋಗ ಎಂಬುದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು ಕಾಯಿಲೆಯ ಹಬ್ಬುಗೆಯನ್ನು ನೋಡೋಣ. ವೈದ್ಯರು ಸಿಒಪಿಡಿ ಎಂದು ಕರೆಯುವ ಕಾಯಿಲೆಯಲ್ಲಿ ಎರಡು ತೊಂದರೆಗಳು ಸಾಮಾನ್ಯವಾಗಿ ಒಟ್ಟಿಗೆ ಇರುತ್ತವೆ. ಶ್ವಾಸನಾಳಗಳು ಊದಿಕೊಂಡು ಕಫ ತುಂಬಿ ಕಿರಿದಾಗುವುದು ಒಂದು. ಶ್ವಾಸಕೋಶದ ತುದಿಯಲ್ಲಿರುವ ಕೋಟ್ಯಂತರ ಗಾಳಿಚೀಲಗಳ ತೆಳು ಗೋಡೆಗಳು ನಾಶವಾಗುವುದು ಇನ್ನೊಂದು. ಒಮ್ಮೆ ನಾಶವಾದ ಗೋಡೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಈ ಕಾಯಿಲೆಯಿಂದ ಸತ್ತರು. ಸಾವಿಗೆ ಕಾರಣವಾಗುವ ಕಾಯಿಲೆಗಳ ಸಾಲಿನಲ್ಲಿ ಇದಕ್ಕೆ ಆಗ ನಾಲ್ಕನೆಯ ಸ್ಥಾನ. ನಮ್ಮ ದೇಶದಲ್ಲಿ 1990ರಲ್ಲಿ ಅಂದಾಜು 2.81 ಕೋಟಿ ಜನರಿಗಿದ್ದ ಸಿಒಪಿಡಿ, 2016ರ ಹೊತ್ತಿಗೆ 5.53 ಕೋಟಿ ಜನರಿಗೆ ಹಬ್ಬಿತ್ತು. ಇದರ ಜೊತೆಗೆ ಅಸ್ತಮಾ ಇದೆ. ಶ್ವಾಸಕೋಶವೇ ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುವ ಫೈಬ್ರೋಸಿಸ್ ಇದೆ.

ಶ್ರೀಮಂತ ದೇಶಗಳಲ್ಲಿ ಸಿಒಪಿಡಿಗೆ ಮುಖ್ಯ ಕಾರಣ ಸಿಗರೇಟು. ನಮ್ಮಲ್ಲಿ ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಣ್ಣುಮಕ್ಕಳು ಈ ಕಾಯಿಲೆಯಿಂದ ನರಳುತ್ತಾರೆ. ಸೌದೆ, ಬೆರಣಿ, ತೆಂಗಿನ ಗರಿ, ಹತ್ತಿಕಡ್ಡಿ ಉರಿಸಿ, ಊದುಕೊಳವೆ ಹಿಡಿದು, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಬದುಕು ಸವೆಸಿದವರು ಅವರು. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ಅಲ್ಲಿನ ವೈದ್ಯರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂರುತ್ತಾರೆ, ಎಷ್ಟು ವರ್ಷದಿಂದ ಕೂರುತ್ತಿದ್ದಾರೆ, ಈ ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆಯೇ ಹೊಗೆಯ ಅಳತೆ. ಆ ಸಂಖ್ಯೆ 60ನ್ನು ಮುಟ್ಟಿದಾಗ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಸ್ಪಷ್ಟವಾಗಿ ಏರುವುದನ್ನು ಅವರು ಕಂಡರು. ದಿನಕ್ಕೆ 3 ಗಂಟೆಯಂತೆ 20 ವರ್ಷ ಎಂದರೆ 60. ಹದಿನೆಂಟು ವರ್ಷಕ್ಕೆ ಗಂಡನ ಮನೆಯ ಒಲೆ ಹೊತ್ತಿಸಿದವಳು ನಲವತ್ತಕ್ಕೆ ಮುಂಚೆಯೇ ಆ ಗಡಿ ಮುಟ್ಟುತ್ತಾಳೆ. ಗಡಿಯ ಈಚೆಗಿದ್ದರೆ ಕ್ಷೇಮ ಎಂದು ಇದರ ಅರ್ಥವಲ್ಲ. ಹೊಗೆ ಪ್ರತಿದಿನವೂ ಲೆಕ್ಕ ಇಟ್ಟುಕೊಳ್ಳುತ್ತದೆ ಎಂದು ಅರ್ಥ. ಆ ಲೆಕ್ಕ ಎಲ್ಲಿ ದಾಖಲಾಗುತ್ತದೆ ಎಂದು ಕೇಳಿದರೆ, ಸಿಗುವ ಉತ್ತರಗಳಲ್ಲಿ ಮೈಕ್ರೋ ಆರ್‌ಎನ್‌ಎ ಒಂದು.

ಇದನ್ನು ಅರಿಯಲು ಜೀವಕೋಶದ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶದ ನಡುವೆ ಇರುವ ಕೋಶಕೇಂದ್ರದಲ್ಲಿ ಡಿಎನ್‌ಎ ಇದೆ. ಯಾವ ಪ್ರೋಟೀನನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆಗಳು ಅದರಲ್ಲಿವೆ. ಒಂದು ಪ್ರೋಟೀನು ಬೇಕಾದಾಗ ಆ ಸೂಚನೆಯ ಪ್ರತಿಯೊಂದು ತಯಾರಾಗಿ ಕೇಂದ್ರದಿಂದ ಹೊರಗೆ ಬರುತ್ತದೆ. ಅದನ್ನು ಸಂದೇಶವಾಹಕ ಆರ್‌ಎನ್‌ಎ ಎನ್ನುತ್ತಾರೆ. ಆ ಸಂದೇಶವನ್ನು ಓದಿಕೊಂಡು ಜೀವಕೋಶ ಪ್ರೋಟೀನು ಕಟ್ಟುತ್ತದೆ. ಬಹಳ ಕಾಲ ವಿಜ್ಞಾನಿಗಳ ಗಮನವೆಲ್ಲ ಈ ಹಾದಿಯ ಎರಡು ತುದಿಗಳ ಮೇಲಿತ್ತು. ಒಂದು ತುದಿಯಲ್ಲಿ ವಂಶವಾಹಿ, ಇನ್ನೊಂದು ತುದಿಯಲ್ಲಿ ಪ್ರೋಟೀನು. ನಡುವಿನ ಹಾದಿಯಲ್ಲಿ ಸಂದೇಶ ಎಷ್ಟು ಹರಿಯಬೇಕು ಎಂದು ತೀರ್ಮಾನಿಸುವ ಸಣ್ಣ ಅಣುಗಳಿವೆ ಎಂಬುದು ಗೊತ್ತಾದದ್ದು ತಡವಾಗಿ.

ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಯ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ಕೆಲವು ಕಡೆ ಈಗಲೂ ಇದ್ದಾನೆ. ಕೆರೆಯ ತೂಬು ಎತ್ತಿ, ಕಾಲುವೆಯ ಮಡೆಗಳನ್ನು ತಿರುವಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ಅವನು. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ಆದರೆ ಅವನಿಲ್ಲದಿದ್ದರೆ ತೂಬಿನ ಹತ್ತಿರದ ಗದ್ದೆ ಕೊಳೆಯುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಮೈಕ್ರೋ ಆರ್‌ಎನ್‌ಎ ಜೀವಕೋಶದ ನೀರುಗಂಟಿ. ಅದು ತಾನಾಗಿ ಪ್ರೋಟೀನನ್ನು ಕಟ್ಟುವುದಿಲ್ಲ. ವಂಶವಾಹಿಯಿಂದ ಹೊರಟ ಸಂದೇಶಕ್ಕೆ ಅಂಟಿಕೊಂಡು, ಅದನ್ನು ಓದದಂತೆ ತಡೆಯುತ್ತದೆ ಅಥವಾ ಬೇಗ ಕರಗಿಸುತ್ತದೆ. ಹಾಗಾಗಿ ಆ ಪ್ರೋಟೀನು ಬೇಕಾದಷ್ಟೇ ತಯಾರಾಗುತ್ತದೆ.

ಇದರ ಉದ್ದ ಎಷ್ಟು ಗೊತ್ತೇ? ಒಂದು ಸಂದೇಶವಾಹಕ ಆರ್‌ಎನ್‌ಎಯಲ್ಲಿ ಸಾವಿರಾರು ರಾಸಾಯನಿಕ ಅಕ್ಷರಗಳಿರುತ್ತವೆ. ಮೈಕ್ರೋ ಆರ್‌ಎನ್‌ಎಯಲ್ಲಿ ಇರುವುದು ಸುಮಾರು 22. ಅದರಲ್ಲೂ ಗುರಿಯನ್ನು ಗುರುತು ಹಿಡಿಯಲು ಮುಖ್ಯವಾದವು ಮೊದಲ ಏಳೆಂಟು ಅಕ್ಷರಗಳು. ಅಷ್ಟು ಚಿಕ್ಕ ಗುರುತಾದ್ದರಿಂದ ಅದು ಅನೇಕ ಸಂದೇಶಗಳಲ್ಲಿ ಸಿಗುತ್ತದೆ. ಹೀಗಾಗಿ ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ವಂಶವಾಹಿಗಳ ಸಂದೇಶಕ್ಕೆ ಮಿತಿ ಹಾಕಬಲ್ಲದು. ಒಂದೇ ಸಂದೇಶದ ಮೇಲೆ ಹಲವು ಮೈಕ್ರೋ ಆರ್‌ಎನ್‌ಎಗಳು ಕೈಯಿಡಬಲ್ಲವು. ಮನುಷ್ಯನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಪ್ರೋಟೀನು ತಯಾರಿಸುವ ನಮ್ಮ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇವುಗಳ ಹತೋಟಿಯಲ್ಲಿವೆ ಎಂಬ ಅಂದಾಜಿದೆ.

ಇದನ್ನು ಕಂಡುಹಿಡಿದ ಕಥೆಯನ್ನು ಹೇಳಲೇಬೇಕು. 1980ರ ದಶಕದ ಕೊನೆಯಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿದ್ದರು. ಅವರ ಅಧ್ಯಯನದ ಜೀವಿ ಒಂದು ಮಿಲಿಮೀಟರ್ ಉದ್ದದ ಹುಳು, ಸಿ. ಎಲೆಗನ್ಸ್. ಕೆಟ್ಟಾಗ ಅದರ ಬೆಳವಣಿಗೆಯ ಹೆಜ್ಜೆಗಳು ತಪ್ಪಿಹೋಗುವಂತೆ ಮಾಡುವ ಲಿನ್-4 ಮತ್ತು ಲಿನ್-14 ಎಂಬ ಎರಡು ವಂಶವಾಹಿಗಳ ಸಂಬಂಧ ಅವರಿಗೆ ಒಗಟಾಗಿತ್ತು. ಮುಂದೆ ಇಬ್ಬರೂ ಬೇರೆ ಬೇರೆ ಸಂಸ್ಥೆಗಳಿಗೆ ಹೋದರೂ ಕೆಲಸ ಬಿಡಲಿಲ್ಲ. ಲಿನ್-4 ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ, ತೀರಾ ಸಣ್ಣ ಆರ್‌ಎನ್‌ಎಯೊಂದನ್ನು ಮಾತ್ರ ತಯಾರಿಸುತ್ತದೆ ಎಂದು ಆಂಬ್ರೋಸ್ ತಂಡ ಕಂಡಿತು. ರವ್‌ಕುನ್ ತಂಡದ ಕೈಯಲ್ಲಿ ಲಿನ್-14ರ ಅಕ್ಷರಸಾಲು ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದಕ್ಕೊಂದು ಜೋಡಿಯಾಗುವ ಅಕ್ಷರಗಳು ಕಂಡವು. 1993ರಲ್ಲಿ ಇಬ್ಬರ ಪ್ರಬಂಧಗಳೂ ಒಟ್ಟಿಗೆ ಪ್ರಕಟವಾದವು.

ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ಯಾವುದೋ ಹುಳುವಿನ ವಿಚಿತ್ರ ಎಂದುಕೊಂಡರು. 2000ದಲ್ಲಿ ರವ್‌ಕುನ್ ತಂಡ ಅದೇ ಹುಳುವಿನಲ್ಲಿ ಲೆಟ್-7 ಎಂಬ ಎರಡನೆಯ ಸಣ್ಣ ಆರ್‌ಎನ್‌ಎಯನ್ನು ಹುಡುಕಿತು. ಈ ಲೆಟ್-7 ನೊಣದಲ್ಲಿತ್ತು, ಮೀನಿನಲ್ಲಿತ್ತು, ಮನುಷ್ಯನಲ್ಲೂ ಇತ್ತು. ಅಲ್ಲಿಂದ ಸಂಶೋಧನೆ ಭರದಿಂದ ಸಾಗಿತು. 2024ರ ಅಕ್ಟೋಬರ್‌ನಲ್ಲಿ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಲೆಟ್-7 ಎಂಬ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೇಳುಗರೇ. ನಮ್ಮ ಶ್ವಾಸಕೋಶದ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಶ್ವಾಸಕೋಶ ರೂಪುಗೊಳ್ಳುವುದಕ್ಕೇ ಈ ಅಣುಗಳು ಬೇಕು. ಮೈಕ್ರೋ ಆರ್‌ಎನ್‌ಎ ಮೊದಲು ಉದ್ದನೆಯ ಎಳೆಯಾಗಿ ಹುಟ್ಟುತ್ತದೆ. ಡ್ರೋಶಾ ಎಂಬ ಕಿಣ್ವ ಅದನ್ನು ಕೋಶಕೇಂದ್ರದಲ್ಲಿ ಒಮ್ಮೆ ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಡೈಸರ್ ಎಂಬ ಕಿಣ್ವ ಇನ್ನೊಮ್ಮೆ ಕತ್ತರಿಸಿ ಕೆಲಸಕ್ಕೆ ಸಿದ್ಧ ಮಾಡುತ್ತದೆ. ಇಲಿಯ ಭ್ರೂಣದ ಶ್ವಾಸಕೋಶದಲ್ಲಿ ಡೈಸರ್ ಇಲ್ಲದಂತೆ ಮಾಡಿದಾಗ ಶ್ವಾಸನಾಳಗಳು ಕವಲೊಡೆಯುವುದೇ ನಿಂತುಹೋಯಿತು. ಈ ಪ್ರಯೋಗ 2006ರದು. ಇನ್ನೊಂದು ಪ್ರಯೋಗದಲ್ಲಿ ಮಿರ್-17~92 ಎಂಬ ಒಂದು ಗುಂಪನ್ನು ತೆಗೆದುಹಾಕಿದಾಗ ಇಲಿಮರಿಗಳು ಪೂರ್ತಿ ಬೆಳೆಯದ ಶ್ವಾಸಕೋಶದೊಂದಿಗೆ ಹುಟ್ಟಿ, ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು. ಮಿರ್ ಎಂಬುದು ಮೈಕ್ರೋ ಆರ್‌ಎನ್‌ಎಯ ಚಿಕ್ಕ ಹೆಸರು. ಮುಂದಿನ ಸಂಖ್ಯೆ ಅದರ ಗುರುತು.

ಹೊಗೆ ಬಂದು ಬೀಳುವುದು ಇಂಥ ವ್ಯವಸ್ಥೆಯ ಮೇಲೆ. ಇಟಲಿಯ ಜಿನೋವಾದಲ್ಲಿ ಇಲಿಗಳಿಗೆ ನಾಲ್ಕು ವಾರ ಸಿಗರೇಟಿನ ಹೊಗೆ ಕುಡಿಸಿ ನೋಡಿದ ವಿಜ್ಞಾನಿಗಳು, ಅವುಗಳ ಶ್ವಾಸಕೋಶದಲ್ಲಿ ಬಹಳಷ್ಟು ಮೈಕ್ರೋ ಆರ್‌ಎನ್‌ಎಗಳು ಕುಗ್ಗಿರುವುದನ್ನು 2009ರಲ್ಲಿ ವರದಿ ಮಾಡಿದರು. ಅದೇ ವರ್ಷ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಹತ್ತು ಧೂಮಪಾನಿಗಳ ಮತ್ತು ಎಂದೂ ಸೇದದ ಹತ್ತು ಜನರ ಶ್ವಾಸನಾಳದ ಒಳಪದರದ ಜೀವಕೋಶಗಳನ್ನು ಹೋಲಿಸಿತು. 28 ಮೈಕ್ರೋ ಆರ್‌ಎನ್‌ಎಗಳಲ್ಲಿ ವ್ಯತ್ಯಾಸ ಕಂಡಿತು. ಹೆಚ್ಚಿನವು ಧೂಮಪಾನಿಗಳಲ್ಲಿ ಕಡಿಮೆಯಾಗಿದ್ದವು. ಅವುಗಳಲ್ಲೊಂದಾದ ಮಿರ್-218ನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಏರಿಳಿಸಿ ನೋಡಿದರೆ, ಹೊಗೆಗೆ ಆ ಜೀವಕೋಶಗಳು ತೋರುವ ಪ್ರತಿಕ್ರಿಯೆಯೇ ಬದಲಾಗುತ್ತಿತ್ತು. ಹೊಗೆ ಶ್ವಾಸಕೋಶದಲ್ಲಿ ಮಸಿ ಬಿಟ್ಟು ಹೋಗುತ್ತದೆ ಎಂದಷ್ಟೇ ನಾವು ತಿಳಿದಿದ್ದೆವು. ಅದು ನೀರುಗಂಟಿಯನ್ನೇ ಕಾಲುವೆಯಿಂದ ಓಡಿಸುತ್ತದೆ ಎಂದು ಈ ಅಧ್ಯಯನಗಳು ತಿಳಿಸಿದವು.

ನೀರುಗಂಟಿ ಇಲ್ಲದ ಕಡೆ ಆಗುವ ಅನಾಹುತಕ್ಕೆ ಮಿರ್-146ಎ ಒಳ್ಳೆಯ ಉದಾಹರಣೆ. ಉರಿಯೂತ ಎಂಬುದು ದೇಹದ ರಕ್ಷಣೆಗೆ ಬೇಕಾದದ್ದೇ. ರೋಗಾಣು ಬಂದಾಗ ಎದ್ದು, ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ಅದನ್ನು ಇಳಿಸುವ ಅಣುಗಳಲ್ಲಿ ಮಿರ್-146ಎ ಒಂದು. ಅಮೆರಿಕದ ನೆಬ್ರಾಸ್ಕಾದ ಸಂಶೋಧಕರು 2010ರಲ್ಲಿ ಸಿಒಪಿಡಿ ಇದ್ದವರ ಮತ್ತು ಇಲ್ಲದವರ ಶ್ವಾಸಕೋಶದ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳನ್ನು ಬೆಳೆಸಿ, ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ಕೊಟ್ಟರು. ಸಿಒಪಿಡಿ ಇಲ್ಲದವರ ಜೀವಕೋಶಗಳಲ್ಲಿ ಮಿರ್-146ಎ ಚೆನ್ನಾಗಿ ಏರಿತು. ರೋಗಿಗಳ ಜೀವಕೋಶಗಳಲ್ಲಿ ಅದು ಸಾಕಷ್ಟು ಏರಲಿಲ್ಲ. ಅದರಿಂದಾಗಿ ಉರಿಯೂತಕ್ಕೆ ಸಂಬಂಧಿಸಿದ ಒಂದು ಸಂದೇಶ ಬೇಗ ಕರಗದೆ ಉಳಿಯಿತು. ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಸುರಿಯಿತು. ಸಿಒಪಿಡಿ ಇರುವವರಲ್ಲಿ ಸಿಗರೇಟು ಬಿಟ್ಟ ಮೇಲೂ ಉರಿಯೂತ ಮುಂದುವರಿಯುವುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದಾರೆ. ಇಳಿಸುವ ವ್ಯವಸ್ಥೆಯೇ ದುರ್ಬಲವಾದಾಗ ಹಾಗಾಗುವುದು ಸಹಜ. ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ಕಾರಣಗಳ ಸಾಲಿನಲ್ಲಿ ಇದನ್ನು ಸೇರಿಸಲೇಬೇಕು.

ಈ ಅಣುಗಳು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಪ್ರಯಾಣವನ್ನೂ ಮಾಡುತ್ತವೆ. ಜೀವಕೋಶಗಳು ಅತಿ ಸೂಕ್ಷ್ಮವಾದ ಗುಳ್ಳೆಗಳನ್ನು ಹೊರಗೆ ಬಿಡುತ್ತವೆ. ಆ ಗುಳ್ಳೆಗಳೊಳಗೆ ಮೈಕ್ರೋ ಆರ್‌ಎನ್‌ಎ ಇರುತ್ತದೆ. ಸಿಗರೇಟಿನ ಹೊಗೆಯ ಸಾರ ತಾಗಿದ ಶ್ವಾಸನಾಳದ ಜೀವಕೋಶಗಳು ಮಿರ್-210 ಹೆಚ್ಚಾಗಿ ತುಂಬಿದ ಗುಳ್ಳೆಗಳನ್ನು ಬಿಡುತ್ತವೆ, ಅವು ಪಕ್ಕದ ಫೈಬ್ರೋಬ್ಲಾಸ್ಟ್‌ಗಳನ್ನು ಸೇರಿ ಗಾಯದ ಕಲೆ ಕಟ್ಟುವ ಜೀವಕೋಶಗಳಾಗುವಂತೆ ಪ್ರೇರೇಪಿಸುತ್ತವೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಹೊಗೆ ತಾಗಿದ್ದು ಮೇಲಿನ ಪದರಕ್ಕೆ. ಅದರ ಪರಿಣಾಮ ಹೊಗೆ ನೇರವಾಗಿ ತಾಗದ ಕೆಳಗಿನ ಪದರಕ್ಕೂ ಇಳಿಯಿತು.

ಕೇಳುಗರೇ, ಈಗ ಫೈಬ್ರೋಸಿಸ್ ಕಡೆಗೆ ಬರೋಣ. ಇದರಲ್ಲಿ ಐಪಿಎಫ್ ಎಂಬುದು ಕಠೋರವಾದ ಬಗೆ. ಶ್ವಾಸಕೋಶದಲ್ಲಿ ನಾರಿನಂಥ ಕೊಲಾಜೆನ್ ತುಂಬುತ್ತ ಹೋಗಿ, ಅದು ಹಿಗ್ಗದೆ ಕುಗ್ಗದೆ ಬಿಗಿಯಾಗುತ್ತದೆ. ಈಗಿರುವ ಔಷಧಿಗಳು ಇದರ ವೇಗವನ್ನು ತಗ್ಗಿಸುತ್ತವೆ. ಪೂರ್ತಿ ವಾಸಿ ಮಾಡುವುದಿಲ್ಲ. ಮೈಕ್ರೋ ಆರ್‌ಎನ್‌ಎಯ ಅಧ್ಯಯನ ಅತ್ಯಂತ ಸ್ಪಷ್ಟ ಚಿತ್ರ ಕೊಟ್ಟಿರುವುದು ಇಲ್ಲಿಯೇ.

ಗಾಯ ಮಾಯಲು ಬೇಕಾದ ಟಿಜಿಎಫ್-ಬೀಟಾ ಎಂಬ ಪ್ರೋಟೀನು ನಮ್ಮಲ್ಲಿದೆ. ಅದು ಮಿತಿ ಮೀರದಂತೆ ತಡೆಯಲು ಸ್ಮ್ಯಾಡ್-7 ಎಂಬ ಇನ್ನೊಂದು ಪ್ರೋಟೀನು ಇದೆ. ಐಪಿಎಫ್ ರೋಗಿಗಳ ಶ್ವಾಸಕೋಶದಲ್ಲಿ ಮಿರ್-21 ವಿಪರೀತ ಏರಿರುವುದನ್ನು ಅಮೆರಿಕದ ಅಲಬಾಮಾದ ತಂಡ 2010ರಲ್ಲಿ ಕಂಡಿತು. ಟಿಜಿಎಫ್-ಬೀಟಾ ಮಿರ್-21ನ್ನು ಏರಿಸುತ್ತದೆ. ಮಿರ್-21 ಸ್ಮ್ಯಾಡ್-7ನ್ನು ಅಡಗಿಸುತ್ತದೆ. ಸ್ಮ್ಯಾಡ್-7 ಅಡಗಿದಾಗ ಟಿಜಿಎಫ್-ಬೀಟಾದ ಅಬ್ಬರಕ್ಕೆ ತಡೆಯೇ ಇರುವುದಿಲ್ಲ. ಅಬ್ಬರ ಹೆಚ್ಚಿದಷ್ಟೂ ಮಿರ್-21 ಹೆಚ್ಚುತ್ತದೆ. ಕೊನೆಯಿಲ್ಲದ ಸುತ್ತು ಇದು. ಮೊದಲ ಗಾಯ ಎಂದೋ ಆಗಿದ್ದರೂ ಕಲೆ ಕಟ್ಟುವುದು ನಿಲ್ಲದಿರುವುದು ಹೀಗೆ. ಆ ತಂಡ ಇಲಿಗಳಲ್ಲಿ ಮಿರ್-21ನ್ನು ತಡೆಯುವ ಅಣುವನ್ನು ಶ್ವಾಸಕೋಶಕ್ಕೆ ಕೊಟ್ಟಾಗ, ಗಾಯವಾಗಿ ಐದರಿಂದ ಏಳು ದಿನ ಕಳೆದಿದ್ದರೂ ಫೈಬ್ರೋಸಿಸ್ ಕಡಿಮೆಯಾಯಿತು.

ನಾನು ಆಗಲೇ ಹೇಳಿದ ಲೆಟ್-7 ಇಲ್ಲಿ ಬರುತ್ತದೆ. ಅದರ ಕುಟುಂಬದ ಲೆಟ್-7ಡಿ ಎಂಬುದು ಐಪಿಎಫ್ ಇರುವವರ ಶ್ವಾಸಕೋಶದಲ್ಲಿ ಬಹಳ ಕಡಿಮೆಯಾಗಿರುತ್ತದೆ ಎಂದು ಪಿಟ್ಸ್‌ಬರ್ಗ್‌ನ ಕುಸುಮ್ ಪಂಡಿತ್, ನಫ್ತಾಲಿ ಕಮಿನ್‌ಸ್ಕಿ ಮತ್ತು ಸಂಗಡಿಗರು ಅದೇ 2010ರಲ್ಲಿ ತೋರಿಸಿದರು. ಆರೋಗ್ಯವಾಗಿದ್ದ ಇಲಿಗಳಲ್ಲಿ ಲೆಟ್-7ಡಿಯನ್ನು ತಡೆದಾಗ ಗಾಳಿಚೀಲಗಳ ನಡುವಿನ ಗೋಡೆಗಳು ದಪ್ಪಗಾದವು. ಹುಳುವಿನ ಬೆಳವಣಿಗೆಯನ್ನು ಕುತೂಹಲದಿಂದ ನೋಡಿದವರ ದುಡಿಮೆ ಮನುಷ್ಯನ ಉಸಿರಿನ ರೋಗಕ್ಕೆ ಬೆಳಕಾಯಿತು. ಇಂಥ ಮೂಲ ವಿಜ್ಞಾನಕ್ಕೆ ಹಣ ಕೊಡುವಾಗ ಇದರಿಂದ ಏನು ಉಪಯೋಗ ಎಂದು ಅವಸರಪಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇನ್ನು ಮಿರ್-29 ಎಂಬ ಮೂರನೆಯ ಅಣುವಿನ ಕೆಲಸ ಕೊಲಾಜೆನ್ ಸಂದೇಶಗಳಿಗೆ ಮಿತಿ ಹಾಕುವುದು. ಫೈಬ್ರೋಸಿಸ್‌ನಲ್ಲಿ ಅದೂ ಕುಗ್ಗುತ್ತದೆ. 2014ರಲ್ಲಿ ಅದನ್ನೇ ಹೋಲುವ ಕೃತಕ ಅಣುವನ್ನು ಇಲಿಗಳ ರಕ್ತಕ್ಕೆ ಕೊಟ್ಟಾಗ ಶ್ವಾಸಕೋಶದ ನಾರುಗಟ್ಟುವಿಕೆ ತಗ್ಗಿತು.

ಅಸ್ತಮಾದಿಂದ ನಾವು ಕಲಿಯುವ ಪಾಠ ಬೇರೆ. ನನ್ನ ಇವತ್ತಿನ ಮಾತಿನ ತಿರುಳೂ ಅದೇ. ಮನೆಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳಿಂದ ಅಸ್ತಮಾ ಬರಿಸಿದ ಇಲಿಗಳಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು 2009ರಲ್ಲಿ ಮಿರ್-126ನ್ನು ತಡೆದರು. ಅಲರ್ಜಿಯ ಉರಿಯೂತ ಇಳಿಯಿತು, ಶ್ವಾಸನಾಳ ಬಿಗಿದುಕೊಳ್ಳುವುದು ಕಡಿಮೆಯಾಯಿತು. ಎರಡು ವರ್ಷದ ಬಳಿಕ, ಕಾಯಿಲೆ ಹಳೆಯದಾಗಿ ಬೇರೂರಿದ್ದ ಇಲಿಗಳಲ್ಲಿ ಅದೇ ಮಿರ್-126ನ್ನು ತಡೆದು ನೋಡಿದರು. ಇಯೋಸಿನೋಫಿಲ್ ಎಂಬ ಅಲರ್ಜಿಯ ಕಣಗಳು ಬರುವುದೇನೋ ಕಡಿಮೆಯಾಯಿತು. ಆದರೆ ಅಷ್ಟರಲ್ಲಿ ದಪ್ಪಗಾಗಿ ಬದಲಾಗಿದ್ದ ಶ್ವಾಸನಾಳದ ಗೋಡೆ ಹಾಗೆಯೇ ಉಳಿಯಿತು. ತಡೆದ ಅಣು ಒಂದೇ. ಕಾಲ ಮಾತ್ರ ಬೇರೆ. ಗದ್ದೆಯ ಬದು ಕೊಚ್ಚಿಹೋದ ಮೇಲೆ ನೀರುಗಂಟಿಯನ್ನು ಮರಳಿ ಕರೆತಂದರೆ ಹೊಸ ನೀರು ನಿಲ್ಲಬಹುದು, ಹೋದ ಮಣ್ಣು ಬರುವುದಿಲ್ಲ. ಶ್ವಾಸಕೋಶದ ಕಾಯಿಲೆಯಲ್ಲಿ ಏನು ಮಾಡಿದೆವು ಎನ್ನುವಷ್ಟೇ ಮುಖ್ಯವಾದದ್ದು ಯಾವಾಗ ಮಾಡಿದೆವು ಎಂಬುದು.

ಬೇಗ ಪತ್ತೆಹಚ್ಚಲು ಇದೇ ಅಣುಗಳು ನೆರವಾಗಬಹುದೇ? ಆಗಬಹುದು ಎಂಬ ಆಸೆಗೆ ಬಲವಾದ ಕಾರಣವಿದೆ. ಸಾಮಾನ್ಯವಾಗಿ ಆರ್‌ಎನ್‌ಎ ರಕ್ತದಲ್ಲಿ ಬಹುಬೇಗ ಒಡೆದುಹೋಗುತ್ತದೆ. ಮೈಕ್ರೋ ಆರ್‌ಎನ್‌ಎ ಮಾತ್ರ ಅಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಪ್ರೋಟೀನುಗಳ ಜೊತೆಯಲ್ಲಿ, ಗುಳ್ಳೆಗಳೊಳಗೆ ಇರುವುದೇ ಅದಕ್ಕೆ ರಕ್ಷಣೆ. ಕಫದಲ್ಲೂ ಅದನ್ನು ಅಳೆಯಬಹುದು. ಬೆಲ್ಜಿಯಂನ ಘೆಂಟ್‌ನಲ್ಲಿ ನಡೆದ ಅಧ್ಯಯನದಲ್ಲಿ, ಸಿಗರೇಟು ಸೇದುತ್ತಿರುವ ಸಿಒಪಿಡಿ ರೋಗಿಗಳ ಕಫದಲ್ಲಿ ಲೆಟ್-7ಸಿ ಕಡಿಮೆಯಾಗಿತ್ತು. ನಾಳೆ ಒಂದು ಹನಿ ರಕ್ತದಿಂದಲೋ ಕಫದಿಂದಲೋ, ದಮ್ಮು ಕಾಣಿಸಿಕೊಳ್ಳುವ ಮುಂಚೆಯೇ ಎಚ್ಚರಿಕೆ ಸಿಗುವ ದಿನ ಬರಲಿ ಎಂದು ಹಾರೈಸೋಣ. ಇವತ್ತು ಆ ಪರೀಕ್ಷೆ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬಂದಿಲ್ಲ. ಒಂದು ಪ್ರಯೋಗಾಲಯದ ಪಟ್ಟಿ ಇನ್ನೊಂದರ ಪಟ್ಟಿಗೆ ಪೂರ್ತಿ ಹೊಂದುವುದಿಲ್ಲ. ವಯಸ್ಸು, ಧೂಮಪಾನ, ಸೋಂಕು, ರಕ್ತ ತೆಗೆದ ರೀತಿ ಎಲ್ಲವೂ ಫಲಿತಾಂಶವನ್ನು ಬದಲಿಸುತ್ತವೆ.

ಚಿಕಿತ್ಸೆಯ ವಿಷಯದಲ್ಲೂ ಅಷ್ಟೇ ಎಚ್ಚರದಿಂದ ಮಾತಾಡಬೇಕು. ಹೆಚ್ಚಾದದ್ದನ್ನು ತಡೆಯುವುದು, ಕಡಿಮೆಯಾದದ್ದನ್ನು ತುಂಬುವುದು, ಕೇಳಲು ಸುಲಭವಾಗಿದೆ. ಆದರೆ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳ ಮೇಲೆ ಕೈಯಾಡಿಸುತ್ತದೆ. ಶ್ವಾಸಕೋಶಕ್ಕೆ ಒಳ್ಳೆಯದಾದದ್ದು ಇನ್ನೊಂದು ಅಂಗಕ್ಕೆ ಕೆಡುಕಾಗಬಹುದು. ಕ್ಯಾನ್ಸರ್ ರೋಗಿಗಳಿಗೆ ಮಿರ್-34ರ ಕೃತಕ ರೂಪವನ್ನು ಕೊಟ್ಟು ನೋಡಿದ ಪ್ರಯೋಗವೊಂದನ್ನು 2016ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ರೋಗನಿರೋಧಕ ವ್ಯವಸ್ಥೆ ಕೆರಳಿ ಗಂಭೀರ ತೊಂದರೆಗಳು ಕಾಣಿಸಿದ್ದವು. ಹಾಗೆಂದು ದಾರಿ ಮುಚ್ಚಿಲ್ಲ. ಶ್ವಾಸಕೋಶಕ್ಕೆ ಉಸಿರಿನ ಮೂಲಕವೇ ಔಷಧ ಮುಟ್ಟಿಸಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಈಗ ಯಾರಾದರೂ ಮೈಕ್ರೋ ಆರ್‌ಎನ್‌ಎ ಚಿಕಿತ್ಸೆಯಿಂದ ದಮ್ಮು ವಾಸಿ ಮಾಡುತ್ತೇವೆ ಎಂದು ಹಣ ಕೇಳಿದರೆ ದಯವಿಟ್ಟು ನಂಬಬೇಡಿ. ಶ್ವಾಸಕೋಶದ ಕಾಯಿಲೆಗೆ ಅಂಥ ಯಾವ ಔಷಧಿಯೂ ಇನ್ನೂ ಮಂಜೂರಾಗಿಲ್ಲ.

ಇನ್ನೊಂದು ಮಾತನ್ನು ಮನಸ್ಸಿನ ಕಳಕಳಿಯಿಂದ ಹೇಳುತ್ತೇನೆ. ನಾನು ಈವರೆಗೆ ಹೇಳಿದ ಮೈಕ್ರೋ ಆರ್‌ಎನ್‌ಎ ಅಧ್ಯಯನಗಳಲ್ಲಿ ಹೊಗೆ ಎಂದರೆ ಸಿಗರೇಟಿನ ಹೊಗೆ. ಸೌದೆ ಒಲೆಯ ಹೊಗೆ ಬೇರೆಯೇ. ಮೆಕ್ಸಿಕೋದ ಸಂಶೋಧಕರು 2019ರಲ್ಲಿ, ಒಲೆಯ ಹೊಗೆಯಿಂದ ಸಿಒಪಿಡಿ ಬಂದ ಹೆಂಗಸರ ಮತ್ತು ಸಿಗರೇಟಿನಿಂದ ಬಂದವರ ರಕ್ತವನ್ನು ಹೋಲಿಸಿದಾಗ ಮಿರ್-34ಎ ಪ್ರಮಾಣದಲ್ಲಿ ವ್ಯತ್ಯಾಸ ಕಂಡರು. ಅಂದಮೇಲೆ ಸಿಗರೇಟು ಸೇದುವವರನ್ನು ನೋಡಿ ಸಿದ್ಧಪಡಿಸಿದ ರಕ್ತಪರೀಕ್ಷೆ ನಮ್ಮ ಹಳ್ಳಿಯ ಅಜ್ಜಿಯ ಕಾಯಿಲೆಯನ್ನು ಹಿಡಿಯದೆ ಹೋಗಬಹುದು. ಅವಳಿಗಾಗುವ ಪರೀಕ್ಷೆ ಅವಳ ಒಲೆಯಿಂದಲೇ ಹೊರಡಬೇಕು. ಮೈಸೂರಿನಲ್ಲಿ ಹೊಗೆಯನ್ನು ಅಳೆದವರು ನಮ್ಮಲ್ಲಿದ್ದಾರೆ. ಅಣುಗಳನ್ನು ಅಳೆಯಬಲ್ಲ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ. ಈ ಎರಡೂ ಕೂಡಿ ನಮ್ಮ ಹೆಣ್ಣುಮಕ್ಕಳ ಉಸಿರಿನ ಮೇಲೆ ದೊಡ್ಡ ಅಧ್ಯಯನಗಳು ನಡೆಯಬೇಕು. ವಿಜ್ಞಾನ ಓದುತ್ತಿರುವ ತರುಣ ತರುಣಿಯರು ಈ ಮಾತನ್ನು ಕೇಳುತ್ತಿದ್ದರೆ, ನಿಮ್ಮ ಕೈಗೆ ತಕ್ಕ ಕೆಲಸ ಇಲ್ಲಿದೆ.

ಅಲ್ಲಿಯವರೆಗೆ ಈ ತಿಳಿವಳಿಕೆಯನ್ನು ನಾವು ಬಳಸಿಕೊಳ್ಳುವುದು ಹೇಗೆ? ದಮ್ಮು ಬಂದ ದಿನ ಕಾಯಿಲೆ ಶುರುವಾದ ದಿನವಲ್ಲ; ಅದಕ್ಕೆ ಬಹಳ ಮೊದಲೇ ಜೀವಕೋಶದ ಹತೋಟಿ ತಪ್ಪತೊಡಗಿರುತ್ತದೆ. ಆದ್ದರಿಂದ ಕೆಮ್ಮು, ಕಫವನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಮೆಟ್ಟಿಲು ಹತ್ತುವಾಗ, ನೀರು ಹೊರುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬರುತ್ತಿದ್ದರೆ ವೈದ್ಯರ ಬಳಿ ಸ್ಪೈರೋಮೆಟ್ರಿ ಮಾಡಿಸಿಕೊಳ್ಳಿ. ಕೊಳವೆಯೊಳಗೆ ಜೋರಾಗಿ ಊದುವ ಸರಳ ಪರೀಕ್ಷೆ ಅದು. ಎಕ್ಸ್‌ರೇಯಲ್ಲಿ ಕಾಣದ ಸಿಒಪಿಡಿ ಅದರಲ್ಲಿ ಗೊತ್ತಾಗುತ್ತದೆ. ವಾರಗಟ್ಟಲೆ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆಯೂ ಆಗಲಿ. ವೈದ್ಯರು ಇನ್ಹೇಲರ್ ಕೊಟ್ಟರೆ ಚಟವಾಗುತ್ತದೆ ಎಂದು ಹೆದರಬೇಡಿ. ಅದರಿಂದ ಔಷಧ ಸಣ್ಣ ಪ್ರಮಾಣದಲ್ಲಿ ಬೇಕಾದಲ್ಲಿಗೇ ಹೋಗುತ್ತದೆ.

ಬೀಡಿ ಸಿಗರೇಟು ಬಿಡಲು ಯಾವ ವಯಸ್ಸೂ ತಡವಲ್ಲ. ನಾಶವಾದ ಗಾಳಿಚೀಲ ಮರಳದಿದ್ದರೂ, ಬಿಟ್ಟವರಲ್ಲಿ ಉಸಿರಿನ ಶಕ್ತಿ ಕುಸಿಯುವ ವೇಗ ತಗ್ಗುತ್ತದೆ. ಅಡುಗೆಮನೆಯ ಬಗ್ಗೆ ಗಂಡಸರೂ ಯೋಚಿಸಬೇಕು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೆ ಸಿಲಿಂಡರ್ ಮುಗಿದಾಗ, ನೀರು ಕಾಯಿಸುವಾಗ, ಮುದ್ದೆ ತಿರುವುವಾಗ ಮತ್ತೆ ಸೌದೆ ಒಲೆ ಉರಿಯುತ್ತದೆ. ಉರಿಯಲೇಬೇಕಾದರೆ ಹೊಗೆಗೆ ದಾರಿ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು 1980ರ ದಶಕದಲ್ಲೇ ಚಿಮಣಿಯಿರುವ, ಕಡಿಮೆ ಸೌದೆಯ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟಿದ್ದರು. ಒಂದು ಚಿಮಣಿ, ಒಂದು ಕಿಟಕಿ, ಮಾಡಿನಲ್ಲೊಂದು ಬೆಳಕಿಂಡಿ, ಇಷ್ಟಾದರೂ ಪ್ರತಿ ಅಡುಗೆಮನೆಗೆ ಸಿಗಲಿ. ಒಲೆ ಉರಿಯುವಾಗ ಎಳೆಮಕ್ಕಳನ್ನೂ ಬಸುರಿಯರನ್ನೂ ಹೊಗೆಯಿಂದ ದೂರ ಇಡಿ.

22 ಅಕ್ಷರಗಳ ಅಣುವೊಂದನ್ನು ಇಷ್ಟು ದೂರದವರೆಗೆ ಹಿಂಬಾಲಿಸಿದ ಮೇಲೆ ನಾನು ನಿಮ್ಮ ಮುಂದಿಡುವ ಮಾತು ಒಂದೇ. ಮೈಕ್ರೋ ಆರ್‌ಎನ್‌ಎಯನ್ನು ಸರಿಪಡಿಸುವ ಔಷಧಿ ನಮ್ಮ ಕೈಯಲ್ಲಿ ಇನ್ನೂ ಇಲ್ಲ. ಅದನ್ನು ಕೆಡಿಸುವ ಹೊಗೆಯನ್ನು ತಡೆಯುವುದು ಮಾತ್ರ ಇವತ್ತೇ ನಮ್ಮ ಕೈಯಲ್ಲಿದೆ. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರ ಹೊಗೆಯ ಲೆಕ್ಕವನ್ನು ಇವತ್ತು ಹಾಕಿ ನೋಡಿ: ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ. ಆ ಸಂಖ್ಯೆ ದೊಡ್ಡದಾಗಿದ್ದರೆ ಅವರನ್ನು ಕರೆದುಕೊಂಡು ಉಸಿರಿನ ಪರೀಕ್ಷೆಗೆ ಹೋಗಿ. ಅವರು ಬೇಡ ಅಂದರೂ ಬಿಡದೆ ಕರೆದುಕೊಂಡು ಹೋಗಿ.